ಅಪ್‌ಡೇಟ್: ಒಸಾಕಾಗೆ ಒಬ್ಬಳೇ ಬಂದೆ
ಚಿಂತಾಮಣಿಯಿಂದ ಒಬ್ಬಳೇ ಕೆಲಸಕ್ಕೆ ಜಪಾನ್‌ಗೆ ಹೋಗಬಹುದಾ, ಮನೆಯಲ್ಲಿ ಒಪ್ಪುತ್ತಿಲ್ಲ ಅಂತ ಕೇಳಿದ್ದೆ. ಬಂದೇಬಿಟ್ಟೆ!

ರಾತ್ರಿ ಓಡಾಟದ್ದೇ ಅಪ್ಪನಿಗೆ ಚಿಂತೆ. ಇಲ್ಲಿ 10 ಗಂಟೆಗೂ ಹೆಂಗಸರು ಆರಾಮಾಗಿ ಸೈಕಲ್ಲಲ್ಲಿ ಮನೆಗೆ ಹೋಗುತ್ತಾರೆ. ಹಾಗಂತ ಕಾಟವೇ ಇಲ್ಲ ಅಂತಲ್ಲ. ಇಲ್ಲಿನ ಮಿದೊಸುಜಿ ಅನ್ನೋ ಮೆಟ್ರೋ ಮಾರ್ಗದಲ್ಲಿ ವಾರದ ದಿನಗಳಲ್ಲಿ ಹೆಂಗಸರಿಗೇ ಒಂದು ಬೋಗಿ ಇದೆ, ಪ್ಲಾಟ್‌ಫಾರ್ಮ್ ನೆಲದ ಮೇಲೆ ಗುಲಾಬಿ ಗುರುತು. ನೂಕುನುಗ್ಗಲಲ್ಲಿ ಮೈ ಮುಟ್ಟುವವರ ಕಾಟಕ್ಕೇ ಈ ಏರ್ಪಾಡು. ಇಲ್ಲಿ ಮಾರುವ ಫೋನ್‌ಗಳಲ್ಲಿ ಕ್ಯಾಮೆರಾ ಸದ್ದು ಸಾಮಾನ್ಯವಾಗಿ ಆಫ್ ಆಗುವುದಿಲ್ಲ, ಕದ್ದು ಫೋಟೋ ತೆಗೆಯಬಾರದು ಅಂತ. ನಮ್ಮಲ್ಲೂ ಬೇಕು, ಅಲ್ವಾ?

ನಿಜವಾಗಿ ಸುಸ್ತಾಗಿದ್ದು ಬಾಡಿಗೆ ಮನೆಗೆ. ಹೊರದೇಶದವರು ಅಂದರೆ ಕೆಲವರು ಕೊಡುವುದೇ ಇಲ್ಲ. ನಿಮ್ಮಲ್ಲೊಬ್ಬರು ಹೇಳಿದಂತೆ, ಸುರಕ್ಷತೆಗೆ ಅಂತ ನೆಲಮಹಡಿ ಬಿಟ್ಟು ಮೇಲಿನ ಮನೆ ಹಿಡಿದೆ.

ಅಮ್ಮ ಮಾತ್ರ ದಿನಾ ರಾತ್ರಿ 9ಕ್ಕೆ ಫೋನ್ ಮಾಡುತ್ತಾಳೆ. ಇಲ್ಲಿ ಆಗ 12:30!