ಅಪ್‌ಡೇಟ್: ಕಾಫಿ ತೋಟದ ಜೇಡ ಕೊನೆಗೂ ಫೋಕಸ್‌ಗೆ ಸಿಕ್ಕಿತು

ಮೂಡಿಗೆರೆ ಹತ್ತಿರ ನಮ್ಮ ತೋಟದಲ್ಲಿ ಜಿಗಿಯುವ ಜೇಡದ ಫೋಟೋ ತೆಗೆಯೋಕೆ 60 ಎಂಎಂ ಮ್ಯಾಕ್ರೋ (ಚಿಕ್ಕದನ್ನು ಹತ್ತಿರದಿಂದ ದೊಡ್ಡದಾಗಿ ತೆಗೆಯುವ ಲೆನ್ಸ್) ಸಾಕಾ, 100 ಬೇಕಾ, ಫೋಟೋ ಎಲ್ಲಾ ಮಸುಕು ಯಾಕೆ ಅಂತ ಹೋದ ವಾರ ಕೇಳಿದ್ದೆನಲ್ಲ, ಅದರ ಮುಂದಿನ ಕಥೆ ಇದು.

ಮೊದಲು 100 ಎಂಎಂ ಯಾರ ಹತ್ರನಾದ್ರೂ ಇಸ್ಕೊಂಡು ನೋಡಿ ಅಂದವರಿಗೆ ದೊಡ್ಡ ಥ್ಯಾಂಕ್ಸ್. ಎರಡೂ 1:1 ಕೊಡುತ್ತವೆ, ಅಂದರೆ ಕ್ಯಾಮೆರಾ ಸೆನ್ಸರ್ ಮೇಲೆ ಜೇಡ ತನ್ನ ನಿಜವಾದ ಗಾತ್ರದಲ್ಲೇ ಮೂಡುತ್ತದೆ. ಆದರೆ 60ರಲ್ಲಿ ಲೆನ್ಸಿನ ಮೂತಿಯನ್ನು ಜೇಡದಿಂದ ನಾಲ್ಕೈದು ಬೆರಳು ದೂರಕ್ಕೆ ಒಯ್ಯಬೇಕು, ಅಷ್ಟರಲ್ಲಿ ಅದು ಎಲೆ ಅಡಿಗೆ ಹೋಗಿರುತ್ತದೆ. 100ರಲ್ಲಿ ಅರ್ಧ ಗೇಣಿಗಿಂತ ಜಾಸ್ತಿ ಜಾಗ ಉಳಿಯುತ್ತದೆ.

ಟ್ರೈಪಾಡ್ ಸುಮ್ನೆ ಹೊರೆ ಆಯ್ತು. ಇಳಿಜಾರು ಬೇರೆ, ಗಾಳಿಗೆ ಎಲೆನೇ ಅಲ್ಲಾಡುತ್ತೆ ಅಲ್ವಾ. ಎಫ್/22 ಇಡಿ, ಅಂದರೆ ಲೆನ್ಸಿನ ತೂತು ತೀರಾ ಚಿಕ್ಕದು ಮಾಡಿ ಅಂದಿದ್ದೂ ಕೈಕೊಟ್ಟಿತು. ಡಿಫ್ರಾಕ್ಷನ್‌ನಿಂದ ಅಂದರೆ ಚಿಕ್ಕ ತೂತಿನಲ್ಲಿ ಬೆಳಕು ಹರಡಿಕೊಂಡು, ಇಡೀ ಫೋಟೋನೇ ಮಸುಕಾಯಿತು, 1:1ರಲ್ಲಿ ಹೇಗೂ ಸುಮಾರು ಎರಡು ಸ್ಟಾಪ್ ಬೆಳಕು ಹೋಗುತ್ತದೆ (ಕಾಲು ಭಾಗವಷ್ಟೇ ಉಳಿಯುತ್ತದೆ) ಅಂತ ಆಗಲೇ ಗೊತ್ತಾಗಿದ್ದು.

ಕೆಲಸ ಮಾಡಿದ್ದು ಇದು: ಆಟೋಫೋಕಸ್ ಆಫ್, ಲೆನ್ಸಿನ ಫೋಕಸ್ ರಿಂಗ್ 1:1ಕ್ಕೆ, ಎಫ್/11, ಶಟರ್ 1/200 ಸೆಕೆಂಡ್, ಫ್ಲ್ಯಾಶ್. ಆಮೇಲೆ ರಿಂಗ್ ಮುಟ್ಟದೆ ಮೈಯನ್ನೇ ಕೂದಲೆಳೆಯಷ್ಟು ಹಿಂದೆ ಮುಂದೆ ಮಾಡುತ್ತಾ, ಕಣ್ಣು ಚೂಪಾದ ಕ್ಷಣಕ್ಕೆ ಕ್ಲಿಕ್. ಮೂವತ್ತರಲ್ಲಿ ನಾಲ್ಕು ಚೆನ್ನಾಗಿ ಬಂದವು, ನನಗೆ ಸಾಕು.

ಫ್ಲ್ಯಾಶ್ ಬೆಳಕು ಚುಚ್ಚದಿರಲಿ ಅಂತ ಬಿಳಿ ಮೊಸರಿನ ಡಬ್ಬ ಕತ್ತರಿಸಿ ಮುಂದೆ ಕಟ್ಟಿದ್ದೆ. ಜೂಮ್ ಮಾಡಿ ನೋಡಿದರೆ ಜೇಡದ ಎರಡು ದೊಡ್ಡ ಕಣ್ಣಲ್ಲೂ ಅದೇ ಡಬ್ಬ ಹೊಳೆಯುತ್ತಿದೆ!