ಸಹಾಯ ಬೇಕು: ಉತ್ಸವದ ಸಮಯದಲ್ಲಿ ಹೋಟೆಲಿನ ಹಾಫ್ ಬೋರ್ಡ್ ತಗೋಬೇಕಾ, ಬೇಡ್ವಾ?

ಎಲ್ಲರಿಗೂ ನಮಸ್ಕಾರ. ಮದುವೆಯಾಗಿ 10 ವರ್ಷ ಆಯ್ತು, ಈ ಸಲವಾದ್ರೂ ಕೈಬಿಚ್ಚಿ ಖರ್ಚು ಮಾಡೋಣ ಅಂತ ಪಂಚತಾರಾ ಹೋಟೆಲೊಂದನ್ನ ನೋಡಿಟ್ಟಿದೀವಿ. ನಾವು ಹೋಗೋ ವಾರವೇ ಆ ನಗರದಲ್ಲಿ ಸಂಗೀತೋತ್ಸವ. ಹಾಗಾಗಿ 3 ರಾತ್ರಿಗಿಂತ ಕಡಿಮೆ ರೂಮ್ ಕೊಡಲ್ವಂತೆ, ಇರ್ಲಿ.

ತಲೆ ಕೆಟ್ಟಿರೋದು ಊಟದ ವಿಷಯಕ್ಕೆ. ಹಾಫ್ ಬೋರ್ಡ್ ಅಂದ್ರೆ ಬೆಳಗಿನ ತಿಂಡಿ, ರಾತ್ರಿ ಊಟ ಎರಡೂ ಸೇರಿದ್ದು. ಆದ್ರೆ ಅವರ ರಾತ್ರಿ ಊಟ 7ರಿಂದ 10, ನಾವು ಹೋಗೋ ಸಂಗೀತ ಕಛೇರಿ ಮುಗಿಯೋದೇ 10ಕ್ಕೆ! ರಾತ್ರಿ ಊಟದ ಬದಲು ಮಧ್ಯಾಹ್ನ ಕೊಡ್ತೀರಾ ಅಂತ ಎರಡು ಸಲ ಮೇಲ್ ಹಾಕಿದೆ. ಎರಡು ಸಲವೂ 'ಅವತ್ತಿನ ಲಭ್ಯತೆ ನೋಡಿ ಹೇಳ್ತೀವಿ' ಅಂತ ಒಂದೇ ಸಾಲು. ಫೋನ್ ಮಾಡಿದ್ರೆ ಬರೀ ಪಿಯಾನೋ ಕೇಳಿಸ್ತಾರೆ. ತಿಂಡಿ ಮಾತ್ರ ತಗೊಂಡ್ರೆ ಉತ್ಸವದ ಜನಜಂಗುಳಿಯಲ್ಲಿ ಹೊರಗೆ ಟೇಬಲ್ ಸಿಗುತ್ತೋ ಇಲ್ವೋ ಅಂತ ನಮ್ಮವರ ಚಿಂತೆ. ಕಡಿಮೆ ದರದ ಬುಕಿಂಗ್ ರದ್ದು ಮಾಡಿದ್ರೆ ದುಡ್ಡೂ ವಾಪಸ್ ಬರಲ್ಲ.

ಇಂಥ ಸಮಯದಲ್ಲಿ ಹೋಗಿ ಬಂದೋರು ಹೇಳಿ: ಹೋಟೆಲಿಗೆ ಹೋದ್ಮೇಲೆ ರಾತ್ರಿ ಊಟವನ್ನ ಮಧ್ಯಾಹ್ನಕ್ಕೆ ಬದಲಾಯಿಸಿ ಕೊಟ್ಟಿದಾರಾ, ಅಥವಾ ತಿಂಡಿ ಮಾತ್ರ ತಗೊಂಡು ಹೊರಗಿನ ಟೇಬಲ್ ಈಗಲೇ ಕಾದಿರಿಸೋದು ವಾಸಿನಾ?