ಎಕ್ಸೆಲ್ ಬಿಲ್‌ನಲ್ಲಿ ಮೊತ್ತ ಇಂಗ್ಲಿಷ್ ಅಕ್ಷರದಲ್ಲಿ: ಮಿಲಿಯನ್ ಬೇಡ, ಲಕ್ಷ ಬೇಕು

ಪ್ರಶ್ನೆ: ಸರ್, ನಮ್ಮದು ಹಾರ್ಡ್‌ವೇರ್ ಅಂಗಡಿ, ಬಿಲ್ ಎಕ್ಸೆಲ್‌ನಲ್ಲೇ. ಮೊತ್ತ ಇಂಗ್ಲಿಷ್ ಅಕ್ಷರದಲ್ಲಿ ತಾನಾಗೇ ಬರಲಿ ಅಂತ ಮೈಕ್ರೋಸಾಫ್ಟ್ ಕೊಡೋ ಸ್ಪೆಲ್‌ನಂಬರ್ ಮ್ಯಾಕ್ರೋ (ಎಕ್ಸೆಲ್ ಒಳಗೇ ಓಡೋ ಪುಟ್ಟ ಪ್ರೋಗ್ರಾಂ) ಹಾಕಿದೆ. 12,54,075 ಕೊಟ್ಟರೆ ‘ಒನ್ ಮಿಲಿಯನ್ ಟೂ ಹಂಡ್ರೆಡ್ ಫಿಫ್ಟಿ ಫೋರ್ ಥೌಸಂಡ್...’ ಅನ್ನುತ್ತೆ. ಮಿಲಿಯನ್ ತೆಗೆದು ಲ್ಯಾಕ್ ಅಂತ ಹಾಕಿದರೆ ಹನ್ನೆರಡು ಲಕ್ಷ ಹೋಗಿ ಒಂದೇ ಲಕ್ಷ ಆಯ್ತು! ಎಲ್ಲಿ ತಿದ್ದಲಿ?

ಉತ್ತರ: ಹೆಸರು ಬದಲಿಸಿದರೆ ಸಾಲದು, ಅಂಕಿ ಕತ್ತರಿಸೋ ಜಾಗವೇ ಬದಲಾಗಬೇಕು. ಆ ಮ್ಯಾಕ್ರೋ ಬಲಗಡೆಯಿಂದ ಮೂರು ಮೂರು ಅಂಕಿ ತಗೊಳ್ಳುತ್ತೆ: 1|254|075. ನಮಗೆ ಮೊದಲು ಮೂರು, ಆಮೇಲೆ ಎರಡೆರಡು: 12|54|075. (ಥಾಯ್ಲೆಂಡಿನ ಹಣ ಬಾತ್‌ನ ಮೊತ್ತವನ್ನು ಥಾಯ್ ಅಕ್ಷರದಲ್ಲಿ ಬರೆಯೋಕೆ ರೆಡಿ ಫಂಕ್ಷನ್ ಇಟ್ಟಿರೋ ಎಕ್ಸೆಲ್ ಇಂಗ್ಲಿಷಿಗೇ ಇಟ್ಟಿಲ್ಲ ನೋಡಿ!)

ಮ್ಯಾಕ್ರೋದಲ್ಲಿ ಫಂಕ್ಷನ್ ಹೊಸದಾಗಿ ಬರೆಯೋದೇ ಸುಲಭ. ಮೊದಲು 1,00,00,000ದಿಂದ ಭಾಗಿಸಿ. ಇಲ್ಲಿ 0, ಹಾಗಾಗಿ ಕೋಟಿ ಇಲ್ಲ. ಶೇಷವನ್ನು 1,00,000ದಿಂದ ಭಾಗಿಸಿದರೆ 12, ‘ಟ್ವೆಲ್ವ್ ಲ್ಯಾಕ್’. ಉಳಿದ 54,075ನ್ನು ಸಾವಿರದಿಂದ ಭಾಗಿಸಿದರೆ ‘ಫಿಫ್ಟಿ ಫೋರ್ ಥೌಸಂಡ್’. ಕೊನೆಗೆ ‘ಸೆವೆಂಟಿ ಫೈವ್’. ಸೊನ್ನೆ ಬಂದ ಗುಂಪನ್ನು ದಾಟಿಸಿ, ಇಲ್ಲಾಂದ್ರೆ ‘ಝೀರೋ ಕ್ರೋರ್’ ಅಂತ ಪ್ರಿಂಟ್ ಆಗುತ್ತೆ. ಕೋಟಿಯ ಭಾಗವೇ 99 ದಾಟಿದರೆ ಅದಕ್ಕೂ ಅದೇ ಫಂಕ್ಷನ್ ಕರೀರಿ. ಒನ್‌ನಿಂದ ನೈನ್‌ಟೀನ್, ಆಮೇಲೆ ಟ್ವೆಂಟಿ, ಥರ್ಟಿ ಅಂತ ನೈಂಟಿವರೆಗೆ, 27 ಪದದ ಪಟ್ಟಿ ಸಾಕು. ಫಾರ್ಟಿಯ ಸ್ಪೆಲಿಂಗ್‌ನಲ್ಲಿ ‘ಯು’ ಬರಲ್ಲ, ಎಷ್ಟೋ ಬಿಲ್‌ಗಳಲ್ಲಿ ಇದೇ ತಪ್ಪು.

ಪೈಥಾನ್ ಪ್ರೋಗ್ರಾಮಿಂಗ್ ಭಾಷೆ ಬಳಸೋರಿಗೆ ಇಷ್ಟೂ ಬೇಡ. ಅದರ ನಮ್‌ಟುವರ್ಡ್ಸ್ (num2words) ಅನ್ನೋ ರೆಡಿ ಕೋಡ್ ಲೈಬ್ರರಿಗೆ ಇಂಡಿಯನ್ ಇಂಗ್ಲಿಷ್ ಭಾಷಾ ಕೋಡ್ ಕೊಟ್ಟರೆ ಲಕ್ಷ, ಕೋಟಿಯಲ್ಲೇ ಬರುತ್ತೆ.

ಪ್ರಶ್ನೆ: ಲಕ್ಷ ಸರಿಹೋಯ್ತು ಸರ್. ಆದ್ರೆ 0.29 ಕೊಟ್ಟರೆ 28 ಪೈಸೆ ತೋರಿಸ್ತಿದೆ. ಒಂದು ಪೈಸೆ ತಾನೇ, ಬಿಟ್ಟುಬಿಡ್ಲಾ?

ಉತ್ತರ: ಬಿಡಬೇಡಿ. ಡಬಲ್ ಟೈಪ್‌ನಲ್ಲಿ (ದಶಾಂಶವನ್ನು ಅಂದಾಜಾಗಿ ಇಡೋ ಸಂಖ್ಯಾ ರೂಪ) 0.29ನ್ನು 100ರಿಂದ ಗುಣಿಸಿದರೆ 28.99999... ಬರುತ್ತೆ, ದಶಾಂಶ ಭಾಗ ಕತ್ತರಿಸೋ ಇಂಟ್ ಫಂಕ್ಷನ್ ಅದನ್ನು 28ಕ್ಕೆ ಇಳಿಸುತ್ತೆ. ಮೊತ್ತವನ್ನು ಎರಡು ದಶಾಂಶಕ್ಕೆ ರೌಂಡ್ ಮಾಡಿ, ಮೊದಲೇ ಕರೆನ್ಸಿ ಟೈಪಿಗೆ (ಹಣದ ಲೆಕ್ಕಕ್ಕೆಂದೇ ಇರೋ ರೂಪ) ತನ್ನಿ. ಪೂರ್ತಿ ಪೈಸೆ ಮಾಡಿ ಲಾಂಗ್‌ನಲ್ಲಿ (ಪೂರ್ಣಾಂಕ ಇಡೋ ಟೈಪ್) ಇಡೋಕೆ ಹೋಗಬೇಡಿ, 2,14,74,836.47 ರೂಪಾಯಿ ದಾಟಿದ ಕೂಡಲೇ ಓವರ್‌ಫ್ಲೋ, ಅಂದ್ರೆ ಸಂಖ್ಯೆ ಹಿಡಿಸದೆ ಎರರ್.

ಮುಂದೆ ಇದೇ ಫಂಕ್ಷನ್ನಿಂದ ಚೆಕ್ ಪ್ರಿಂಟ್ ಮಾಡೋದಾದರೆ ಇನ್ನೂ ಹುಷಾರು. 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 18ನೇ ಸೆಕ್ಷನ್ ಪ್ರಕಾರ ಅಂಕಿ ಒಂದು, ಅಕ್ಷರ ಒಂದು ಆದರೆ ಅಕ್ಷರದ ಮೊತ್ತವೇ ಲೆಕ್ಕ.

ಪ್ರಶ್ನೆ: ಫೈಲ್ ಮುಚ್ಚಿ ತೆಗೆದರೆ ಅಕ್ಷರದ ಜಾಗದಲ್ಲಿ #NAME? ಅಂತ ನೇಮ್ ಎರರ್ ಸರ್!

ಉತ್ತರ: ಮಾಮೂಲಿ ಎಕ್ಸ್‌ಎಲ್‌ಎಸ್‌ಎಕ್ಸ್ ಆಗಿ ಸೇವ್ ಮಾಡಿರ್ತೀರಿ, ಅದರಲ್ಲಿ ಮ್ಯಾಕ್ರೋ ಉಳಿಯಲ್ಲ. ಕೋಡ್ ಮತ್ತೆ ಹಾಕಿ, ಎಕ್ಸ್‌ಎಲ್‌ಎಸ್‌ಎಂ ಆಗಿ ಸೇವ್ ಮಾಡಿ.